ಸರ್ಕಾರಿ ಹಣದಲ್ಲಿ ಇ-ತ್ಯಾಜ್ಯ ಮರುಬಳಕೆ ಯೋಜನೆ ನಡೆಸುವುದು ಹೇಗೆ: ತೂಕದ ಚೀಟಿಯಿಂದ ಕೊನೆಯ ಕುಲುಮೆವರೆಗೆ

ಸರ್ಕಾರದ ದುಡ್ಡಿನಲ್ಲಿ ಇ-ತ್ಯಾಜ್ಯ ಸಂಗ್ರಹ ಶುರು ಮಾಡುವುದು ಕಷ್ಟವೇನಲ್ಲ. ನಾಲ್ಕು ಕಡೆ ಪೆಟ್ಟಿಗೆ ಇಟ್ಟು, ‘ಹಳೆಯ ಟಿವಿ, ಕೆಟ್ಟ ಮೊಬೈಲ್ ತಂದುಕೊಡಿ’ ಎಂದು ಪ್ರಚಾರ ಮಾಡಿದರೆ ಕೆಲವೇ ತಿಂಗಳಲ್ಲಿ ಗೋದಾಮು ತುಂಬುತ್ತದೆ. ಫೋಟೊಗಳೂ ಚೆನ್ನಾಗಿ ಬರುತ್ತವೆ. ಪೇಚಿಗೆ ಸಿಕ್ಕಿಕೊಳ್ಳುವುದು ಆಮೇಲೆ. ತಾಮ್ರ ಇರುವುದನ್ನೆಲ್ಲ ಗುತ್ತಿಗೆದಾರ ಬೇಗ ಬೇಗ ಸಾಗಿಸಿರುತ್ತಾನೆ. ಸೀಸದ ಗಾಜು, ಪಾದರಸದ ದೀಪ, ಉಬ್ಬಿದ ಬ್ಯಾಟರಿ, ಯಾರೂ ಕೊಳ್ಳದ ಪ್ಲಾಸ್ಟಿಕ್ ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ಬಿಲ್ ಮಾತ್ರ ಪೂರ್ತಿ ಪಾವತಿಯಾಗಿರುತ್ತದೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ದಾಖಲೆಯಿರುವಂತೆ ಸರಿಯಾದ ಸಂಗ್ರಹ ಮತ್ತು ಮರುಬಳಕೆಯ ದಾರಿಗೆ ಬಂದದ್ದು ಶೇ. 22.3 ಮಾತ್ರ. ಈ ವಾಕ್ಯದಲ್ಲಿ ನನಗೆ ದೊಡ್ಡದಾಗಿ ಕಾಣುವುದು ‘ದಾಖಲೆಯಿರುವಂತೆ’ ಎಂಬ ಮಾತು. ಉಳಿದದ್ದೇನು ಗಾಳಿಯಲ್ಲಿ ಕರಗಿಹೋಗಿಲ್ಲ. ಎಲ್ಲಿಗೆ ಹೋಯಿತೆಂದು ಯಾರ ಪುಸ್ತಕದಲ್ಲೂ ಇಲ್ಲ, ಅಷ್ಟೆ. ಟಿವಿ ಬಿಚ್ಚುವ ಕೆಲಸ ಗುತ್ತಿಗೆದಾರರಿಗೆ ಗೊತ್ತು. ಸಾರ್ವಜನಿಕ ಹಣಕ್ಕೆ ಉತ್ತರ ಹೇಳಬೇಕಾದ ಯೋಜನಾಧಿಕಾರಿಗೆ ಗೊತ್ತಿರಬೇಕಾದದ್ದು ತೂಕ ಮತ್ತು ಲೆಕ್ಕ. ಈ ಮಾರ್ಗದರ್ಶಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಹಿಂಬಾಗಿಲಿನಿಂದ ಶುರು ಮಾಡಿ

ಸಂಗ್ರಹ ಪೆಟ್ಟಿಗೆಯ ಬಣ್ಣ ಯಾವುದಿರಲಿ ಎಂಬ ಚರ್ಚೆಗೆ ಮೊದಲೇ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಬರಲಿರುವ ವಸ್ತುಗಳನ್ನು ಬರೆಯಿರಿ. ಬಲಗಡೆ, ಅವನ್ನು ಬಿಚ್ಚಿದ ಮೇಲೆ ಸಿಗುವ ಒಂದೊಂದು ಭಾಗವೂ ಕೊನೆಗೆ ಯಾವ ಕುಲುಮೆಗೆ, ಯಾವ ಘಟಕಕ್ಕೆ, ಯಾವ ಸುರಕ್ಷಿತ ಹೂಳುಗುಂಡಿಗೆ ಹೋಗುತ್ತದೆ ಎಂದು ಬರೆಯಿರಿ. ಬಲಗಡೆ ಖಾಲಿ ಉಳಿದ ಸಾಲು ಇದ್ದರೆ, ಆ ಭಾಗ ನಿಮ್ಮ ಗೋದಾಮಿನಲ್ಲೇ ಉಳಿಯುತ್ತದೆ ಎಂದು ತಿಳಿಯಿರಿ.

ಕಬ್ಬಿಣ, ಅಲ್ಯೂಮಿನಿಯಂ, ತಾಮ್ರಕ್ಕೆ ಎಲ್ಲ ಕಡೆ ಗಿರಾಕಿಗಳಿದ್ದಾರೆ. ಅವುಗಳ ಚಿಂತೆ ಬೇಡ. ಸರ್ಕ್ಯೂಟ್ ಬೋರ್ಡ್‌ಗಳಲ್ಲಿ ಚಿನ್ನ, ಬೆಳ್ಳಿ, ಪಲ್ಲಾಡಿಯಂ ಇರುತ್ತವೆ. ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಕ್ಕಿದರೂ ಗಣಿಗಾರಿಕೆ ನಡೆಯುತ್ತದೆ. ಒಂದು ಟನ್ ಮೊಬೈಲ್ ಫೋನ್‌ಗಳಲ್ಲಿ ಅದು ನೂರಾರು ಗ್ರಾಂ. ಇವನ್ನೆಲ್ಲ ಒಟ್ಟಿಗೆ ಕರಗಿಸಿ ಲೋಹ ಬೇರ್ಪಡಿಸುವ ದೊಡ್ಡ ಕುಲುಮೆಗಳು ಮಾತ್ರ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬೆಲ್ಜಿಯಂನ ಹೋಬೋಕೆನ್‌ನಲ್ಲಿರುವುದು, ಸ್ವೀಡನ್ನಿನ ರೋನ್‌ಶಾರ್‌ನಲ್ಲಿರುವುದು ಅಂಥವು. ಆಸಿಡ್ ತೊಟ್ಟಿಯಲ್ಲಿ ಬೋರ್ಡ್ ಅದ್ದಿ ಚಿನ್ನ ತೆಗೆಯುವವರು ಎಷ್ಟೇ ಹೆಚ್ಚು ಬೆಲೆ ಹೇಳಿದರೂ ಅವರ ಹೆಸರು ಹಾಳೆಯ ಬಲಗಡೆ ಬರಕೂಡದು.

ಯೋಜನೆಗಳನ್ನು ಮುಳುಗಿಸುವುದು ಬೆಲೆಯಿಲ್ಲದ ಸಾಲುಗಳು. ಹಳೆಯ ಡಬ್ಬಾ ಟಿವಿಯನ್ನೇ ನೋಡಿ. ಅದರ ಪಿಕ್ಚರ್ ಟ್ಯೂಬಿನ ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಶೇ. 20ಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಒಂದು ಕಾಲದಲ್ಲಿ ಆ ಗಾಜನ್ನು ಕರಗಿಸಿ ಹೊಸ ಪಿಕ್ಚರ್ ಟ್ಯೂಬ್ ಮಾಡುತ್ತಿದ್ದರು. ಈಗ ಆ ಟಿವಿಯೇ ತಯಾರಾಗುವುದಿಲ್ಲ, ಗಾಜಿಗೆ ಗಿರಾಕಿಯೂ ಇಲ್ಲ. ಅಮೆರಿಕದ ಹಲವು ಕಡೆ, ಹಣ ಪಡೆದು ಈ ಗಾಜನ್ನು ಒಪ್ಪಿಕೊಂಡವರು ಗೋದಾಮುಗಳಲ್ಲಿ ಬೆಟ್ಟದಂತೆ ಪೇರಿಸಿಟ್ಟು ಕೈಬಿಟ್ಟು ಹೋದರು. ತೆರವಿನ ವೆಚ್ಚ ಉಳಿದವರ ತಲೆಗೆ ಬಂತು. ಮುಂಭಾಗದ ಗಾಜಿನಲ್ಲಿ ಸೀಸ ಇಲ್ಲ ಅಥವಾ ತೀರಾ ಕಡಿಮೆ, ಆದ್ದರಿಂದ ಎರಡನ್ನೂ ಕತ್ತರಿಸಿ ಬೇರೆ ಮಾಡಬಲ್ಲ ಘಟಕ ಇದೆಯೇ ಎಂದು ಮೊದಲೇ ವಿಚಾರಿಸಿ. ಒಡೆದು ಮಿಶ್ರ ಮಾಡಿದ ಗಾಜಿಗೆ ವಿಲೇವಾರಿ ಖರ್ಚು ಒಂದೇ ಉಳಿಯುತ್ತದೆ.

ಫ್ರಿಜ್‌ಗೂ ಇದೇ ಮಾತು. ಹಳೆಯವುಗಳ ಕೊಳವೆಯಲ್ಲಷ್ಟೇ ಅಲ್ಲ, ಗೋಡೆಯೊಳಗಿನ ಫೋಮ್‌ನಲ್ಲೂ ಓಜೋನ್ ಪದರ ತಿನ್ನುವ ಅನಿಲ ಇರುತ್ತದೆ. ಸಿಎಫ್‌ಸಿ-12 ಎಂಬುದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 10 ಸಾವಿರ ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಹೊಸ ಫ್ರಿಜ್‌ಗಳಲ್ಲಿ ಐಸೋಬ್ಯುಟೇನ್ ಇರುತ್ತದೆ, ಅದು ಬೆಂಕಿ ಹತ್ತಿಕೊಳ್ಳುವ ಅನಿಲ. ಕಂಪ್ರೆಸರ್‌ಗೆ ಸೇರುವ ಕೊಳವೆ ಕತ್ತರಿಸಿ ಕಂಪ್ರೆಸರ್ ಕಿತ್ತುಕೊಂಡರೆ ಅನಿಲ ಒಂದೆರಡು ಕ್ಷಣದಲ್ಲಿ ಹೊರಟುಹೋಗುತ್ತದೆ. ಆಮೇಲೆ ಉಳಿದ ಡಬ್ಬವನ್ನು ನೀವು ಎಷ್ಟು ಶಾಸ್ತ್ರೋಕ್ತವಾಗಿ ಪುಡಿ ಮಾಡಿದರೂ ಸಿಗುವುದು ಫೋಮ್‌ನ ಅನಿಲ ಮಾತ್ರ, ಕೊಳವೆಯದು ವಾಪಸ್ ಬರುವುದಿಲ್ಲ.

ಹೆಜ್ಜೆ 2: ಎಲ್ಲವನ್ನೂ ಮೊದಲ ದಿನವೇ ತೆಗೆದುಕೊಳ್ಳಬೇಡಿ

ಯುರೋಪಿಯನ್ ಒಕ್ಕೂಟ 2018ರಿಂದ ಇ-ತ್ಯಾಜ್ಯವನ್ನು ಆರು ಗುಂಪಾಗಿ ನೋಡುತ್ತದೆ: ತಂಪು ಅಥವಾ ಬಿಸಿ ಮಾಡುವ ಅನಿಲ-ದ್ರವ ಇರುವ ಉಪಕರಣಗಳು, ಪರದೆಗಳು, ದೀಪಗಳು, ದೊಡ್ಡ ಉಪಕರಣಗಳು, ಸಣ್ಣ ಉಪಕರಣಗಳು, ಸಣ್ಣ ಗಾತ್ರದ ಐಟಿ ಮತ್ತು ದೂರಸಂಪರ್ಕ ಸಾಧನಗಳು. ಈ ವಿಂಗಡಣೆ ಕೆಲಸಕ್ಕೆ ಬರುವಂಥದ್ದು, ಏಕೆಂದರೆ ಒಂದೊಂದು ಗುಂಪಿಗೂ ಬಿಚ್ಚುವ ಕ್ರಮ ಬೇರೆ, ಅಪಾಯ ಬೇರೆ, ಖರ್ಚು ಬೇರೆ.

ಹೊಸ ಯೋಜನೆಯಾದರೆ ಐಟಿ ಸಾಧನ ಮತ್ತು ಸಣ್ಣ ಉಪಕರಣಗಳಿಂದ ಶುರು ಮಾಡಿ ಎನ್ನುತ್ತೇನೆ. ಪರದೆ, ಫ್ರಿಜ್, ದೀಪಗಳನ್ನು ಬಲಗಡೆಯ ಸಾಲು ತುಂಬಿದ ಮೇಲೆ ಸೇರಿಸಿ. ಇದಕ್ಕೆ ವಿರೋಧ ಬರುತ್ತದೆ: ‘ಜನರ ಮನೆಯಲ್ಲಿ ನಿಜವಾಗಿ ಜಾಗ ತಿನ್ನುತ್ತಿರುವುದೇ ಹಳೆಯ ಟಿವಿ, ಅದನ್ನೇ ಬೇಡವೆಂದರೆ ಹೇಗೆ?’ ನ್ಯಾಯವಾದ ಪ್ರಶ್ನೆ. ಉತ್ತರ: ಟಿವಿಯನ್ನು ತೆಗೆದುಕೊಳ್ಳಿ, ಆದರೆ ಅದರ ಗಾಜಿನ ವಿಲೇವಾರಿ ಹಣವನ್ನು ಅದೇ ದಿನ ಬೇರೆ ಖಾತೆಗೆ ಹಾಕಿ.

ಹೆಜ್ಜೆ 3: ಹಣ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ

ದಾರಿಗಳು ಸ್ಥೂಲವಾಗಿ ನಾಲ್ಕು. ಬಜೆಟ್ಟಿನಿಂದ ನೇರ ಅನುದಾನ. ಹೊಸ ಸಾಧನ ಕೊಳ್ಳುವಾಗಲೇ ಗ್ರಾಹಕರಿಂದ ಶುಲ್ಕ ಪಡೆದು ನಿಧಿ ಕಟ್ಟುವುದು. ಕ್ಯಾಲಿಫೋರ್ನಿಯಾ 2005ರ ಜನವರಿಯಿಂದ ಪರದೆಗಳಿಗೆ ಇದನ್ನೇ ಮಾಡುತ್ತಿದೆ. ತಯಾರಕರಿಂದ ಪಡೆಯುವುದು. ಕೊನೆಯದು, ಎಸೆಯುವ ಹೊತ್ತಿಗೆ ಮಾಲೀಕರಿಂದ ಪಡೆಯುವುದು. ಜಪಾನಿನಲ್ಲಿ 2001ರಿಂದ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಎಸಿಗಳಿಗೆ ಈ ಪದ್ಧತಿ ಇದೆ. ಎಸೆಯುವಾಗ ದುಡ್ಡು ಕೇಳಿದರೆ ಕತ್ತಲಲ್ಲಿ ರಸ್ತೆ ಬದಿಗೆ ಇಟ್ಟುಹೋಗುವವರೂ ಇರುತ್ತಾರೆ. ಆದ್ದರಿಂದ ಆ ದಾರಿ ಹಿಡಿಯುವವರು ಕಾವಲಿಗೂ ಹಣ ಎತ್ತಿಡಬೇಕು.

ಹಣ ಎಲ್ಲಿಂದ ಬಂತು ಎಂಬುದಕ್ಕಿಂತ ಯಾವ ದರದಲ್ಲಿ ಹೋಗುತ್ತದೆ ಎಂಬುದು ಯೋಜನೆಯ ಹಣೆಬರಹ ಬರೆಯುತ್ತದೆ. ಚೀನಾ 2012ರ ಜುಲೈನಲ್ಲಿ ತಯಾರಕರಿಂದ ಶುಲ್ಕ ಪಡೆದು, ಬಿಚ್ಚುವ ಘಟಕಗಳಿಗೆ ಒಂದೊಂದು ಸಾಧನದ ಲೆಕ್ಕದಲ್ಲಿ ಸಹಾಯಧನ ಕೊಡುವ ನಿಧಿ ಶುರು ಮಾಡಿತು. ಟಿವಿಗೆ 85 ಯುವಾನ್, ಎಸಿಗೆ 35. ಪರಿಣಾಮ ಏನಾಯಿತು? ಘಟಕಗಳಿಗೆ ಟಿವಿಗಳು ಪ್ರವಾಹದಂತೆ ಬಂದವು. ಎಸಿಗಳು ಹೆಚ್ಚುಕಡಿಮೆ ಬರಲೇ ಇಲ್ಲ. ಎಸಿಯೊಳಗಿನ ತಾಮ್ರಕ್ಕೆ ಹೊರಗಿನ ಗುಜರಿಯವರು 35 ಯುವಾನ್‌ಗಿಂತ ಎಷ್ಟೋ ಹೆಚ್ಚು ಕೊಡುತ್ತಿದ್ದರು. 2016ರಲ್ಲಿ ಎಸಿಯ ದರವನ್ನು 130ಕ್ಕೆ ಏರಿಸಿ, ಟಿವಿಯದನ್ನು ಇಳಿಸಬೇಕಾಯಿತು. ಸಂಗ್ರಹವಾದ ಶುಲ್ಕಕ್ಕಿಂತ ಕೊಡಬೇಕಾದ ಸಹಾಯಧನ ಹೆಚ್ಚಾಗಿ ಬಾಕಿ ಬೆಳೆಯಿತು. 2024ರ ಆರಂಭಕ್ಕೆ ಆ ನಿಧಿಯ ವ್ಯವಸ್ಥೆಯನ್ನೇ ನಿಲ್ಲಿಸಿದರು.

ಇದರಿಂದ ನಿಮ್ಮ ದರಪಟ್ಟಿಗೆ ಮೂರು ಮಾತು. ಒಂದು: ತಾನಾಗಿಯೇ ಲಾಭ ತರುವ ವಸ್ತುವಿಗೆ ಸಹಾಯಧನ ಕೊಡಬೇಡಿ, ಮದರ್‌ಬೋರ್ಡಿಗೆ ಸರ್ಕಾರ ದುಡ್ಡು ಕೊಡುವುದೆಂದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಎರಡು: ದರ ನಿಗದಿಯಾಗಬೇಕಾದದ್ದು ಬಿಚ್ಚುವ ಕೂಲಿ, ಸಾಗಣೆ, ವಿಲೇವಾರಿ ಎಲ್ಲ ಸೇರಿಸಿ ಅದರಿಂದ ಲೋಹದ ಬೆಲೆ ಕಳೆದಾಗ ಉಳಿಯುವ ನಷ್ಟದ ಮೇಲೆ. ಮೂರು: ತಾಮ್ರದ ಬೆಲೆ ಏರಿಳಿಯುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ದರ ಪರಿಷ್ಕರಿಸುವ ಷರತ್ತು ಒಪ್ಪಂದದಲ್ಲೇ ಇರಲಿ. ಇಲ್ಲದಿದ್ದರೆ ಬೆಲೆ ಬಿದ್ದ ತಿಂಗಳು ಗುತ್ತಿಗೆದಾರ ಲಾರಿ ಕಳಿಸುವುದನ್ನೇ ನಿಲ್ಲಿಸುತ್ತಾನೆ.

ಪಾವತಿಯನ್ನು ಕಂತುಗಳಾಗಿ ಒಡೆಯಿರಿ. ನನಗೆ ಸರಿ ಕಾಣುವ ಹಂಚಿಕೆ: ವಸ್ತು ಘಟಕದ ತೂಕದ ಯಂತ್ರ ದಾಟಿದಾಗ ಶೇ. 30, ಬಿಚ್ಚಿ ವಿಂಗಡಿಸಿದ ತೂಕದ ಪಟ್ಟಿ ಬಂದಾಗ ಶೇ. 30, ಅಪಾಯಕಾರಿ ಭಾಗಗಳು ಕೊನೆಯ ಘಟಕ ತಲುಪಿದ ರಸೀದಿ ಬಂದ ಮೇಲೆ ಉಳಿದ ಶೇ. 40. ಕೊನೆಯ ಕಂತು ಎಲ್ಲಕ್ಕಿಂತ ದೊಡ್ಡದಿರಬೇಕು. ಸಂಗ್ರಹಿಸಿದ ತೂಕಕ್ಕೇ ಪೂರ್ತಿ ಹಣ ಕೊಟ್ಟರೆ ನಿಮಗೆ ಸಿಗುವುದು ಸಂಗ್ರಹ ಮಾತ್ರ.

ಹೆಜ್ಜೆ 4: ಸಂಗ್ರಹದ ಮೇಜು

ಸಂಗ್ರಹ ಕೇಂದ್ರ ಹೇಗಿರಬೇಕು ಎಂದು ಉದ್ದುದ್ದ ನಕ್ಷೆ ಬೇಡ. ಮಳೆ ಬೀಳದ ಮಾಡು, ಬಿರುಕಿಲ್ಲದ ಕಾಂಕ್ರೀಟ್ ನೆಲ, ಬೀಗ, ಒಂದು ಮೇಜು, ಒಂದು ತೂಕದ ಯಂತ್ರ. ಒದ್ದೆಯಾದ ಗುಜರಿ ಎರಡು ಕೆಡುಕು ಮಾಡುತ್ತದೆ: ಲೋಹದ ಅಂಶ ನೆಲಕ್ಕಿಳಿಯುತ್ತದೆ, ನೀರಿಗೂ ನೀವು ತೂಕದ ದರ ಕೊಡುತ್ತೀರಿ.

ಮೇಜಿನ ಬಳಿ ನಡೆಯುವುದನ್ನು ಹತ್ತಿರದಿಂದ ನೋಡಿ. ಒಬ್ಬರು ಚೀಲ ತಂದು ಮೇಜಿನ ಮೇಲೆ ಸುರಿಯುತ್ತಾರೆ: ಎರಡು ಮೊಬೈಲ್, ಜಡೆಯಂತೆ ಸಿಕ್ಕುಬಿದ್ದ ಚಾರ್ಜರ್ ವೈರುಗಳು, ಒಂದು ಹಳೆಯ ರೂಟರ್, ಹಿಂಬದಿ ಮುಚ್ಚಳ ದಿಂಬಿನಂತೆ ಉಬ್ಬಿ ಪರದೆಯನ್ನೇ ಎತ್ತಿ ಹಿಡಿದಿರುವ ಒಂದು ಟ್ಯಾಬ್ಲೆಟ್. ಮೇಜಿನ ಹಿಂದಿರುವವರ ಕೈ ಮೊದಲು ಹೋಗಬೇಕಾದದ್ದು ಆ ಟ್ಯಾಬ್ಲೆಟ್ಟಿಗೆ. ಒತ್ತಬಾರದು, ಬಗ್ಗಿಸಬಾರದು, ಮುಚ್ಚಳ ತೆಗೆಯಲು ಹೋಗಲೇಬಾರದು. ಒಣ ಮರಳು ತುಂಬಿದ ಲೋಹದ ಡಬ್ಬಕ್ಕೆ ಇಟ್ಟು, ಡಬ್ಬವನ್ನು ಬೇರೆ ಮೂಲೆಗೆ ಒಯ್ಯಬೇಕು. ಆಮೇಲೆ ಮೊಬೈಲ್‌ಗಳು: ಸಿಮ್, ಮೆಮೊರಿ ಕಾರ್ಡ್ ತೆಗೆದು ಕೊಟ್ಟವರ ಕೈಗೇ ವಾಪಸ್. ಕೊನೆಗೆ ತೂಕ, ಚೀಟಿ, ಸಹಿ. ಇಷ್ಟಕ್ಕೆ ನಾಲ್ಕು ನಿಮಿಷ ಬೇಕು. ಒಬ್ಬನೇ ಸಿಬ್ಬಂದಿ ಇದ್ದು ಹತ್ತು ಜನ ಸಾಲು ನಿಂತಾಗ ಮೊದಲು ಬಿಟ್ಟುಹೋಗುವುದು ಟ್ಯಾಬ್ಲೆಟ್ಟಿನ ಕೆಲಸವೇ. ಆದ್ದರಿಂದ ಮೇಜಿಗೆ ಇಬ್ಬರಿರಲಿ.

ಜನರ ಉತ್ಸಾಹವನ್ನು ಕಡಿಮೆ ಅಂದಾಜು ಮಾಡಬೇಡಿ. ಟೋಕಿಯೊ ಒಲಿಂಪಿಕ್ಸ್‌ನ ಪದಕಗಳನ್ನು ಹಳೆಯ ಸಾಧನಗಳ ಲೋಹದಿಂದಲೇ ಮಾಡುತ್ತೇವೆಂದು ಹೊರಟಾಗ 2017ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಸುಮಾರು 79 ಸಾವಿರ ಟನ್ ಸಣ್ಣ ಉಪಕರಣಗಳೂ 62 ಲಕ್ಷ ಮೊಬೈಲ್‌ಗಳೂ ಬಂದವು. ಸಿಕ್ಕಿದ್ದು ಸುಮಾರು 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ. ಕೊಟ್ಟ ಫೋನ್ ಏನಾಗುತ್ತದೆ ಎಂದು ಕೊಟ್ಟವರಿಗೆ ಕಣ್ಣಿಗೆ ಕಟ್ಟುವಂತೆ ಗೊತ್ತಿತ್ತು. ನಿಮ್ಮ ಬಳಿ ಪದಕ ಇಲ್ಲದಿರಬಹುದು. ‘ಕಳೆದ ತಿಂಗಳು ನೀವು ಕೊಟ್ಟದ್ದು ಇಷ್ಟು ಕಿಲೊ, ಅದು ಹೋದದ್ದು ಇಲ್ಲಿಗೆ’ ಎಂಬ ಒಂದು ಹಾಳೆಯನ್ನು ಅದೇ ಮೇಜಿನ ಮೇಲೆ ಅಂಟಿಸಬಹುದು.

ಮನೆಮನೆಗೆ ಹೋಗಿ ಹಳೆಯ ಸಾಮಾನು ಕೊಳ್ಳುವ ಗುಜರಿಯವರನ್ನು ಏನು ಮಾಡುವುದು? ಹಲವು ಯೋಜನೆಗಳು ಅವರನ್ನು ಎದುರಾಳಿ ಎಂದೇ ನೋಡುತ್ತವೆ. ಅದು ದಡ್ಡತನ. ಯಾವ ಮನೆಯ ಅಟ್ಟದಲ್ಲಿ ಏನಿದೆ ಎಂದು ಅವರಿಗೆ ಗೊತ್ತು, ನಿಮ್ಮ ಪೆಟ್ಟಿಗೆಗೆ ಗೊತ್ತಿಲ್ಲ. ಘಾನಾದ ಅಕ್ರಾ ನಗರದ ಅಗ್ಬೊಗ್ಬ್ಲೋಶಿ ಎಂಬ ದೊಡ್ಡ ಗುಜರಿ ಅಂಗಳವನ್ನು 2021ರ ಜುಲೈನಲ್ಲಿ ಕೆಡವಿ ಹಾಕಿದರು. ಕೆಲಸ ನಿಲ್ಲಲಿಲ್ಲ, ಚದುರಿ ಬೇರೆ ಕಡೆಗಳಿಗೆ ಹೋಯಿತು. ಅದೇ ನಗರದಲ್ಲಿ ಜರ್ಮನಿಯ ನೆರವಿನಿಂದ ನಡೆದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ: ಕೇಬಲ್‌ಗಳನ್ನು ಸುಡದೆ ತಂದರೆ ತೂಕಕ್ಕೆ ಹಣ. ಪಿವಿಸಿ ಹೊದಿಕೆಯ ತಾಮ್ರದ ತಂತಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಸುಟ್ಟ ತಾಮ್ರಕ್ಕಿಂತ ಸುಡದ ಕೇಬಲ್‌ಗೆ ಕೈಗೆ ಹೆಚ್ಚು ಹಣ ಬಂದರೆ ಬೆಂಕಿ ಹಚ್ಚುವ ಕಾರಣವೇ ಉಳಿಯುವುದಿಲ್ಲ. ಗುರುತಿನ ಚೀಟಿ ಕೊಡಿ, ಬಂದ ದಿನವೇ ಪಾವತಿ ಮಾಡಿ. ದಿನದ ದುಡಿಮೆಯವರಿಗೆ ‘ಬಿಲ್ ಮಂಜೂರಾದ ಮೇಲೆ’ ಎಂಬ ಮಾತು ಹೇಳಿದರೆ ಅವರು ಮರುದಿನ ಬರುವುದಿಲ್ಲ.

ಇನ್ನೊಂದು: ಬರುವ ಸಾಧನ ಇಡಿಯಾಗಿದೆಯೇ ನೋಡಿ. ಟಿವಿಯ ತಾಮ್ರದ ಸುರುಳಿ, ಫ್ರಿಜ್‌ನ ಕಂಪ್ರೆಸರ್, ಕಂಪ್ಯೂಟರಿನ ಬೋರ್ಡ್ ಮಾಯವಾಗಿ ಬರೀ ಚಿಪ್ಪು ಬರುವುದು ಎಲ್ಲ ಕಡೆ ಇರುವ ರೋಗ. ಇಡಿಯಾದ ಸಾಧನಕ್ಕೆ ಒಂದು ದರ, ಖಾಲಿ ಚಿಪ್ಪಿಗೆ ಅದಕ್ಕಿಂತ ಬಹಳ ಕಡಿಮೆ ದರ. ಚಿಪ್ಪನ್ನು ತಿರಸ್ಕರಿಸಬೇಡಿ, ತಿರಸ್ಕರಿಸಿದರೆ ಅದು ಹಳ್ಳಕ್ಕೆ ಬೀಳುತ್ತದೆ.

ಹೆಜ್ಜೆ 5: ಬ್ಯಾಟರಿ ಎಂಬ ಬೆಂಕಿಪೆಟ್ಟಿಗೆ

ಲಿಥಿಯಂ ಅಯಾನ್ ಬ್ಯಾಟರಿ ಜಜ್ಜಿದರೆ, ತೂತಾದರೆ, ಎರಡು ಧ್ರುವ ಒಂದಕ್ಕೊಂದು ತಗಲಿದರೆ ಒಳಗೇ ಬಿಸಿ ಏರಿ ಹೊತ್ತಿಕೊಳ್ಳುತ್ತದೆ. ಪಕ್ಕದ ಬ್ಯಾಟರಿಗೂ ಹಬ್ಬುತ್ತದೆ. ಸಾಧನದೊಳಗಿದ್ದ ಬ್ಯಾಟರಿಯನ್ನು ಪುಡಿ ಮಾಡುವ ಯಂತ್ರಕ್ಕೆ ಹಾಕಿದಾಗಲೇ ಘಟಕಗಳಲ್ಲಿ ಬೆಂಕಿ ಬೀಳುವುದು ಹೆಚ್ಚು. ಧ್ರುವಗಳಿಗೆ ಅಂಟುಪಟ್ಟಿ ಹಚ್ಚಿ. ಕೆಟ್ಟವು, ಉಬ್ಬಿದವು, ಸೋರುವವು ಒಣ ಮರಳು ಅಥವಾ ವರ್ಮಿಕ್ಯುಲೈಟ್ ಎಂಬ ಬೆಂಕಿ ಹತ್ತದ ಖನಿಜ ತುಂಬಿದ ಡಬ್ಬದಲ್ಲಿ. ಡ್ರಮ್‌ನ ಮುಚ್ಚಳ ಗಾಳಿಯಾಡದಂತೆ ಬಿಗಿಯಬೇಡಿ. ರಾಶಿ ಚಿಕ್ಕದಿರಲಿ, ರಾಶಿಗಳ ನಡುವೆ ಅಂತರವಿರಲಿ, ಕಾಗದ-ರಟ್ಟುಗಳಿಂದ ದೂರವಿರಲಿ. ವಾರಕ್ಕೊಮ್ಮೆ ಸಾಗಿಸಿಬಿಡಿ. ಬಿಚ್ಚುವ ಸಾಲಿನಲ್ಲಿ ಮೊದಲ ಮೇಜೇ ಬ್ಯಾಟರಿ ತೆಗೆಯುವ ಮೇಜಾಗಿರಬೇಕು, ನಡುವಿನದಲ್ಲ.

ತೆಳು ಪರದೆಗಳ ಹಿಂಬೆಳಕಿಗೆ ಹಳೆಯ ಮಾದರಿಗಳಲ್ಲಿ ಪೆನ್ಸಿಲ್‌ಗಿಂತ ಸಣ್ಣ ಪಾದರಸದ ಕೊಳವೆಗಳಿರುತ್ತವೆ, ಮುಟ್ಟಿದರೆ ಮುರಿಯುವಂಥವು. ಅವನ್ನು ಗಾಳಿ ಹೀರುವ ಯಂತ್ರದ ಕೆಳಗೇ ಬಿಚ್ಚಬೇಕು. ಪ್ರಿಂಟರಿನ ಟೋನರ್ ಪುಡಿಯನ್ನು ಸಾಮಾನ್ಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಡಿ. ನುಣುಪು ಪುಡಿ ಗಾಳಿಯಲ್ಲಿ ಸ್ಫೋಟಿಸಬಲ್ಲದು.

ಹೆಜ್ಜೆ 6: ಫೋನಿನೊಳಗಿನ ಮನುಷ್ಯ

ಜನ ಹಳೆಯ ಫೋನನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಅದರಲ್ಲಿ ಫೋಟೊ, ಬ್ಯಾಂಕಿನ ಸಂದೇಶ, ಯಾರದೋ ದನಿ ಇರುತ್ತದೆ. ಮಾಹಿತಿ ಅಳಿಸುವ ಭರವಸೆಯನ್ನು ಬಾಯಿಮಾತಿನಲ್ಲಿ ಕೊಡಬೇಡಿ, ವಿಧಾನ ಬರೆದುಕೊಡಿ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನದಂಡ ಸಂಸ್ಥೆಯ 800-88 ಮಾರ್ಗಸೂಚಿ ಮೂರು ಮಟ್ಟ ಹೇಳುತ್ತದೆ: ಸಾಮಾನ್ಯ ತಂತ್ರಾಂಶದಿಂದ ಅಳಿಸುವುದು, ಪ್ರಯೋಗಾಲಯದಲ್ಲೂ ವಾಪಸ್ ಪಡೆಯಲಾಗದಂತೆ ತೊಳೆದುಹಾಕುವುದು, ಭೌತಿಕವಾಗಿ ನಾಶ ಮಾಡುವುದು. ಸರ್ಕಾರಿ ಕಚೇರಿ, ಆಸ್ಪತ್ರೆಗಳಿಂದ ಬಂದ ಡಿಸ್ಕ್‌ಗಳು ನೇರವಾಗಿ ಮೂರನೆಯದಕ್ಕೆ ಹೋಗಲಿ, ಸರಣಿ ಸಂಖ್ಯೆ ಬರೆದು. ಬಲವಾದ ಅಯಸ್ಕಾಂತದಿಂದ ಅಳಿಸುವ ಯಂತ್ರ ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಸರಿ. ಎಸ್‌ಎಸ್‌ಡಿ, ಮೊಬೈಲ್, ಪೆನ್ ಡ್ರೈವ್‌ಗಳ ಚಿಪ್‌ಗೆ ಅದರಿಂದ ಏನೂ ಆಗುವುದಿಲ್ಲ. ಇದನ್ನು ತಿಳಿಯದೆ ‘ಎಲ್ಲ ಅಳಿಸಿದೆ’ ಎಂದು ಪ್ರಮಾಣಪತ್ರ ಕೊಡುವವರಿದ್ದಾರೆ.

ಚೆನ್ನಾಗಿ ಓಡುವ ಲ್ಯಾಪ್‌ಟಾಪ್ ಬಂದರೆ ಪುಡಿ ಮಾಡುವ ಮೊದಲು ರಿಪೇರಿಯವರಿಗೆ ತೋರಿಸಿ. ಆದರೆ ಬಿಚ್ಚಿ ಒಡೆದ ತೂಕಕ್ಕೆ ಮಾತ್ರ ಹಣ ಕೊಡುವ ಒಪ್ಪಂದವಾದರೆ ಗುತ್ತಿಗೆದಾರ ಒಳ್ಳೆಯ ಯಂತ್ರವನ್ನೂ ಒಡೆಯುತ್ತಾನೆ. ರಿಪೇರಿಯಾಗಿ ಹೊರಟ ಸಾಧನಕ್ಕೂ ಸಮನಾದ ದರ ಇಡಿ.

ಹೆಜ್ಜೆ 7: ಗುತ್ತಿಗೆದಾರರ ಆಯ್ಕೆ

ಕಡಿಮೆ ದರ ಹೇಳಿದವರಿಗೆ ಕಣ್ಣು ಮುಚ್ಚಿ ಕೊಟ್ಟರೆ, ಅವರು ಆ ದರವನ್ನು ಎಲ್ಲಿ ಉಳಿಸುತ್ತಾರೆ ಎಂದು ಕೇಳಿಕೊಳ್ಳಿ. ಕೂಲಿಯಲ್ಲಿ, ಇಲ್ಲವೇ ವಿಷದ ವಿಲೇವಾರಿಯಲ್ಲಿ. ಬೇರೆ ಜಾಗವೇ ಇಲ್ಲ. ಟೆಂಡರಿನಲ್ಲಿ ಮೊದಲು ತಾಂತ್ರಿಕ ಅಂಕ, ಅದರಲ್ಲಿ ತೇರ್ಗಡೆಯಾದವರ ನಡುವೆ ಮಾತ್ರ ದರದ ಹೋಲಿಕೆ. ಪರಿಸರ ನಿರ್ವಹಣೆಯ ಐಎಸ್‌ಒ 14001, ಇ-ತ್ಯಾಜ್ಯ ಮರುಬಳಕೆಗೆಂದೇ ಇರುವ ಆರ್2, ಇ-ಸ್ಟೂವರ್ಡ್ಸ್‌ನಂಥ ಪ್ರಮಾಣಪತ್ರಗಳಿಗೆ ಬೆಲೆಯಿದೆ, ಆದರೆ ಗೋಡೆಯ ಮೇಲಿನ ಚೌಕಟ್ಟು ನೋಡಿ ತೃಪ್ತರಾಗಬೇಡಿ. ಹೇಳದೆ ಹೋಗಿ ಹಿಂದಿನ ಅಂಗಳ ನೋಡಿ. ಕಾರ್ಮಿಕರ ಕೈಗವಸು ಹೊಸದಾಗಿ ಹೊಳೆಯುತ್ತಿದ್ದರೆ ಅದು ನಿಮಗಾಗಿ ಅಂದೇ ತಂದದ್ದು.

ಕೊನೆಯ ಘಟಕದವರೆಗಿನ ಎಲ್ಲ ಖರೀದಿದಾರರ ಪಟ್ಟಿ ಒಪ್ಪಂದದ ಭಾಗವಾಗಿರಲಿ, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಅದರಲ್ಲಿ ಹೆಸರು ಬದಲಾಗಕೂಡದು. ಗೋದಾಮಿನಲ್ಲಿ ಯಾವ ವಸ್ತು ಎಷ್ಟು ದಿನ, ಎಷ್ಟು ಟನ್‌ಗಿಂತ ಹೆಚ್ಚು ಇರಬಾರದು ಎಂಬ ಮಿತಿ ಬರೆಯಿರಿ. ಮಿತಿ ದಾಟಿದ ದಿನದಿಂದ ಹೊಸ ಸರಕೂ ಇಲ್ಲ, ಹಣವೂ ಇಲ್ಲ. ಜತೆಗೆ ಗೋದಾಮು ಪೂರ್ತಿ ತುಂಬಿದಾಗ ಅದನ್ನು ತೆರವು ಮಾಡಲು ತಗಲುವಷ್ಟು ಬ್ಯಾಂಕ್ ಗ್ಯಾರಂಟಿ.

ಹೆಜ್ಜೆ 8: ಹೊರಗೆ ಹೋಗುವ ಕಂಟೈನರ್

ಬೋರ್ಡ್‌ಗಳು ಗಡಿ ದಾಟುವುದಾದರೆ ಬಾಸೆಲ್ ಒಪ್ಪಂದ ನೆನಪಿರಲಿ. ಅಪಾಯಕಾರಿ ತ್ಯಾಜ್ಯ ಗಡಿ ದಾಟುವುದನ್ನು ನಿಯಂತ್ರಿಸಲು 1989ರಲ್ಲಿ ರೂಪುಗೊಂಡು 1992ರಲ್ಲಿ ಜಾರಿಗೆ ಬಂದ ಈ ಅಂತರರಾಷ್ಟ್ರೀಯ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಈಗ ಅಪಾಯಕಾರಿಯಲ್ಲದ ಇ-ತ್ಯಾಜ್ಯಕ್ಕೂ, ತರಿಸಿಕೊಳ್ಳುವ ದೇಶ ಮತ್ತು ದಾರಿಯಲ್ಲಿ ಸಿಗುವ ದೇಶಗಳ ಪೂರ್ವಾನುಮತಿ ಬೇಕು. ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ಕಾಲದ ದಾಸ್ತಾನಿಗೆ ಜಾಗವನ್ನು ಮೊದಲೇ ಲೆಕ್ಕ ಹಾಕಿ.

ಹೆಜ್ಜೆ 9: ತೂಕ, ಮತ್ತೆ ತೂಕ

ಇಲ್ಲಿಗೆ ಬಂದಾಗ ನಿಧಾನಿಸಿ. ಯೋಜನೆಯ ಪ್ರಾಣ ಇರುವುದು ತೂಕದ ಯಂತ್ರದಲ್ಲಿ.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಮುದ್ರೆಯಿರುವ 20 ಕಿಲೊ ತೂಕದಕಲ್ಲನ್ನು ಯಂತ್ರದ ಮೇಲಿಟ್ಟು, ತೋರಿಸಿದ ಅಂಕಿ ಬರೆದಿಡಿ. ಲಾರಿಯನ್ನು ತುಂಬಿದಾಗಲೂ ಖಾಲಿಯಾದಾಗಲೂ ತೂಗಿ. ಮರದ ಹಲಗೆ, ಡ್ರಮ್, ಚೀಲಗಳ ತೂಕ ಕಳೆಯಿರಿ. ಒಂದು ಹಲಗೆ 20 ಕಿಲೊ ಎಂದುಕೊಂಡರೆ ದಿನಕ್ಕೆ 50 ಹಲಗೆಗೆ ಒಂದು ಟನ್ ಮರಕ್ಕೆ ನೀವು ಇ-ತ್ಯಾಜ್ಯದ ದರ ಕೊಟ್ಟಿರುತ್ತೀರಿ. ಯಂತ್ರದ ಅಂಕಿ ಕಾಣುವಂತೆ, ಹಿಂದೆ ಸರಕೂ ಕಾಣುವಂತೆ ಫೋಟೊ ತೆಗೆಯಿರಿ.

ಆಮೇಲೆ ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ತಾಳೆ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ತಿಂಗಳಲ್ಲಿ ಕಂಪ್ಯೂಟರ್‌ಗಳು 10,000 ಕಿಲೊ ಒಳಬಂದವು. ಹೊರಹೋದದ್ದು ಕಬ್ಬಿಣ 5,200, ಪ್ಲಾಸ್ಟಿಕ್ 2,000, ಬೋರ್ಡ್ 900, ಅಲ್ಯೂಮಿನಿಯಂ 500, ಹಾರ್ಡ್ ಡಿಸ್ಕ್ 500, ವೈರು ಮತ್ತು ತಾಮ್ರ 450, ಕಸ 280, ಬ್ಯಾಟರಿ 20. ಕೂಡಿಸಿದರೆ 9,850. ಕೊರತೆ 150 ಕಿಲೊ, ಅಂದರೆ ಶೇ. 1.5, ಧೂಳು, ತೇವ, ಯಂತ್ರದ ಸಣ್ಣ ವ್ಯತ್ಯಾಸ ಎಂದು ಒಪ್ಪಬಹುದು. ಮುಂದಿನ ತಿಂಗಳು ಒಟ್ಟು ಮೊತ್ತ ಅಷ್ಟೇ ಚೆನ್ನಾಗಿ ತಾಳೆಯಾಯಿತು, ಆದರೆ ಬೋರ್ಡ್ 300ಕ್ಕೆ ಇಳಿದು ಕಸ 880ಕ್ಕೆ ಏರಿದೆ ಎನ್ನಿ. ಒಟ್ಟು ಮೊತ್ತ ಮಾತ್ರ ನೋಡುವ ಅಧಿಕಾರಿ ಸಹಿ ಹಾಕಿಬಿಡುತ್ತಾನೆ. 600 ಕಿಲೊ ಬೋರ್ಡ್ ಯಾವುದೋ ಆಸಿಡ್ ತೊಟ್ಟಿಗೆ ಹೋಗಿದೆ. ಆ ಜಾಗಕ್ಕೆ ಕಲ್ಲು ಮಣ್ಣು ಬಂದಿರಬಹುದು.

ಇದಕ್ಕೇ ನಿಮ್ಮದೇ ಆದ ಒಂದು ಅಳತೆಗೋಲು ಬೇಕು. ಯೋಜನೆಯ ಆರಂಭದಲ್ಲಿ ಒಂದೊಂದು ಗುಂಪಿನ ನೂರು ಸಾಧನಗಳನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ, ಯಾವ ಭಾಗ ಶೇಕಡಾ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಹೊಸದಾಗಿ ಮಾಡಿ, ಏಕೆಂದರೆ ಸಾಧನಗಳು ಬದಲಾಗುತ್ತವೆ.

ಚೀಟಿಗಳನ್ನು ಓದುವುದೂ ಒಂದು ವಿದ್ಯೆ. ನಿಜವಾದ ತೂಕ 487 ಇರುತ್ತದೆ, 1,013 ಇರುತ್ತದೆ. ಒಂದು ಕಟ್ಟಿನಲ್ಲಿ 500, 750, 1,000 ಎಂದು ಗುಂಡಗಿನ ಅಂಕಿಗಳೇ ಸಾಲುಗಟ್ಟಿದ್ದರೆ ಯಾರೋ ಕುರ್ಚಿಯ ಮೇಲೆ ಕುಳಿತು ತೂಗಿದ್ದಾರೆ. ಒಂದೇ ಲಾರಿ ದೂರದ ಎರಡು ಊರಿನಲ್ಲಿ ಒಂದೇ ಗಂಟೆಯೊಳಗೆ ಸರಕು ಇಳಿಸಿದೆಯೇ? ಖಾಲಿ ತೂಕ ಪ್ರತಿಸಲವೂ ಕಿಲೊ ಲೆಕ್ಕಕ್ಕೂ ಒಂದೇ ಇದೆಯೇ? ಡೀಸೆಲ್ ಟ್ಯಾಂಕ್ ಹಾಗೆ ಬಿಡುವುದಿಲ್ಲ. ಹೊರಗಿನ ಸರಕನ್ನು ಒಳಗಿನದೆಂದು ತೋರಿಸುವುದು ಇನ್ನೊಂದು ಬಗೆ: ಕ್ಯಾಲಿಫೋರ್ನಿಯಾದ ಸಹಾಯಧನ ಪಡೆಯಲು ಬೇರೆ ರಾಜ್ಯಗಳ ಹಳೆಯ ಟಿವಿಗಳನ್ನು ತಂದು ತೂಗಿಸಿದ ಪ್ರಕರಣಗಳಿವೆ. ಸಂಗ್ರಹದ ಮೇಜಿನ ಚೀಟಿಗೂ ಘಟಕದ ಚೀಟಿಗೂ ಒಂದೇ ಸರಣಿ ಸಂಖ್ಯೆ ಇದ್ದರೆ ಈ ದಾರಿ ಬಹುಪಾಲು ಮುಚ್ಚುತ್ತದೆ.

ಕೆಲವು ಫೋನ್‌ಗಳೊಳಗೆ, ಒಪ್ಪಂದದಲ್ಲಿ ಮೊದಲೇ ತಿಳಿಸಿ, ಸ್ಥಳ ತೋರಿಸುವ ಸಣ್ಣ ಸಾಧನ ಅಡಗಿಸಿ ಕಳಿಸುವುದೂ ಉಂಟು. ಯಾವ ಫೋನ್ ಎಂದು ಮಾತ್ರ ಹೇಳಬೇಡಿ.

ಹೆಜ್ಜೆ 10: ಗುರಿ ಹಾಕಿಕೊಳ್ಳುವುದು

ಯುರೋಪಿನಲ್ಲಿ 2019ರಿಂದ ಇರುವ ಸಂಗ್ರಹದ ಗುರಿ, ಹಿಂದಿನ ಮೂರು ವರ್ಷ ಮಾರುಕಟ್ಟೆಗೆ ಬಂದ ಸಾಧನಗಳ ಸರಾಸರಿ ತೂಕದ ಶೇ. 65, ಇಲ್ಲವೇ ಹುಟ್ಟಿದ ಇ-ತ್ಯಾಜ್ಯದ ಶೇ. 85. ಬಹುಪಾಲು ದೇಶಗಳು ಅದನ್ನು ಮುಟ್ಟಿಲ್ಲ. ಟನ್ ಲೆಕ್ಕದ ಗುರಿಗೆ ಇನ್ನೊಂದು ದೋಷವಿದೆ: ಭಾರದ ವಾಷಿಂಗ್ ಮೆಷಿನ್ ತಂದರೆ ಸಾಕು, ಗುರಿ ಮುಟ್ಟುತ್ತದೆ, ಪಾದರಸದ ದೀಪದ ಗೊಡವೆಯೇ ಬೇಡ. ಆದ್ದರಿಂದ ಮೇಲಧಿಕಾರಿಗಳಿಗೆ ಕಳಿಸುವ ವರದಿಯಲ್ಲಿ ಒಟ್ಟು ಟನ್ನಿನ ಕೆಳಗೆ ಇನ್ನು ಮೂರು ಸಾಲು ಇರಲಿ: ಎಷ್ಟು ಕಿಲೊ ಬ್ಯಾಟರಿ, ಎಷ್ಟು ಗ್ರಾಂ ಪಾದರಸ, ಎಷ್ಟು ಕಿಲೊ ಶೀತಕ ಅನಿಲ ಕೊನೆಯ ಘಟಕ ತಲುಪಿತು.

ಹೆಜ್ಜೆ 11: ಮುಚ್ಚುವ ದಿನ

ಅನುದಾನಕ್ಕೆ ಕೊನೆಯ ದಿನಾಂಕ ಇದ್ದೇ ಇರುತ್ತದೆ. ಆ ದಿನಾಂಕಕ್ಕೆ ಆರು ತಿಂಗಳು ಮೊದಲೇ ಫ್ರಿಜ್, ಪರದೆ, ದೀಪಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿ. ಮೂರು ತಿಂಗಳು ಮೊದಲು ಎಲ್ಲ ಸಂಗ್ರಹವನ್ನೂ. ಉಳಿದ ಅವಧಿ ಬರೀ ಹೊರಸಾಗಣೆಗೆ. ಹಾರ್ಡ್ ಡಿಸ್ಕ್‌ಗಳ ಸರಣಿ ಸಂಖ್ಯೆಯ ಪಟ್ಟಿ, ತೂಕದ ಚೀಟಿಗಳು, ಕೊನೆಯ ಘಟಕಗಳ ರಸೀದಿಗಳನ್ನು ಲೆಕ್ಕಪರಿಶೋಧಕರು ಕೇಳುವ ಕ್ರಮದಲ್ಲೇ ಕಟ್ಟಿ. ಬಿಚ್ಚುವ ಮೇಜುಗಳ ಕೆಳಗಿನ ಮಣ್ಣಿನಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಿ, ಯೋಜನೆ ಶುರುವಾಗುವ ಮೊದಲು ತೆಗೆದಿಟ್ಟ ಮಾದರಿಯ ಜತೆ ಹೋಲಿಸಿ. ಆ ಮೊದಲ ಮಾದರಿ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಆದ್ದರಿಂದ ಹಾಳೆಯ ಮೇಲೆ ಎರಡು ಸಾಲು ಬರೆಯಲು ಕುಳಿತ ಆ ಮೊದಲ ವಾರವೇ ಒಂದು ಗುದ್ದಲಿ, ನಾಲ್ಕು ಶೀಷೆ ಹಿಡಿದು ಅಂಗಳಕ್ಕೆ ಹೋಗಿಬನ್ನಿ. ಬ್ಯಾಂಕ್ ಗ್ಯಾರಂಟಿ ವಾಪಸ್ ಕೊಡುವುದು ಮಣ್ಣಿನ ಎರಡನೆಯ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ.